ಕೊಡೆ ಅಂಗಡಿಯ ಮೇಲಿನ ನಡುಬಂದರು

ಎರಡು ಗ್ರಹಗಳ ನಡುವಿನ ಯುದ್ಧ ಮುಂಡಾಜೆಯ ಒಂದು ಜೀಪು ದಾರಿಯಿಂದಾಗಿ ನಿಂತುಹೋಯಿತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಆ ಯುದ್ಧವನ್ನು ನಡೆಸುತ್ತಿದ್ದವನೇ ನಾನು. ಎರಡೂ ಕಡೆಯ ಆಕಾಶನೌಕೆಗಳು ಎದುರುಬದುರು ನಿಂತಿದ್ದವು, ಇನ್ನೇನು ಮೊದಲ ಗುಂಡು ಹಾರಬೇಕು, ಅಷ್ಟರಲ್ಲಿ ಇಬ್ಬರೂ ಸೇನಾಪತಿಗಳು ಆಟಕ್ಕೆ ಬರುವುದನ್ನೇ ಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಇವತ್ತು ನೆನೆದರೂ ಕಿವಿ ಬಿಸಿಯಾಗುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಬಿ.ಸಿ.ರೋಡಿನಲ್ಲಿ ನನ್ನ ಬಾಪನದ್ದು ಕೊಡೆ, ಚೀಲ, ಚಪ್ಪಲಿ ಮಾರುವ ಅಂಗಡಿ. ನಾವು ಬ್ಯಾರಿಗಳು, ಅಪ್ಪನನ್ನು ಬಾಪ ಎನ್ನುತ್ತೇವೆ. ದುಬೈಯಲ್ಲಿದ್ದ ಅಣ್ಣನಿಗೆ ರಜೆಗೆ ಬರುವಾಗ ಒಂದು ಟೇಪ್‌ರೆಕಾರ್ಡರ್ ತಾ ಎಂದಿದ್ದೆ. ಅವನು ತಂದದ್ದು, ಅಲ್ಲಿ ರೂಮು ಬಿಟ್ಟುಹೋದ ಯಾವನೋ ಬಿಸಾಡಿದ್ದ ದಪ್ಪದೊಂದು ಇಂಗ್ಲಿಷ್ ಪುಸ್ತಕ. ನೀನು ಓದುವವನಲ್ಲವಾ, ಓದು ಎಂದು ಕೈಗೆ ಹಾಕಿದ. ಅವನ ರಜೆ ಅರ್ಧ ಮುಗಿಯುವವರೆಗೆ ನಾನು ಆ ಪುಸ್ತಕವನ್ನು ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬೇಜಾರಿಗೆಂದು ತೆರೆದವನು ಸಂಜೆಯ ಚಹಾ ತಣ್ಣಗಾದರೂ ಏಳಲಿಲ್ಲ.

ಅದು ಕಥೆಪುಸ್ತಕವಲ್ಲ, ಆಟದ ಪುಸ್ತಕ. ನಕ್ಷತ್ರಗಳ ನಡುವೆ ಒಂದು ಲೋಕವನ್ನು ಒಬ್ಬ ಕಟ್ಟಿ ಹೇಳುತ್ತಾ ಹೋಗಬೇಕು, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಮಾತಾಡಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕಬೇಕು. ಹಲಗೆಯಿಲ್ಲ, ಕಾಯಿಯಿಲ್ಲ. ಓದುತ್ತಾ ಓದುತ್ತಾ ನನಗೆ ನಗು ಬಂತು. ಇದು ನಮ್ಮ ತಾಳಮದ್ದಳೆಯೇ ಅಲ್ಲವಾ! ನಮ್ಮಲ್ಲಿಯೂ ವೇಷವಿಲ್ಲದೆ, ಕುಣಿತವಿಲ್ಲದೆ, ಪಂಚೆ ಶರಟಿನಲ್ಲೇ ಕೂತು ಒಬ್ಬ ರಾಜನಾಗುತ್ತಾನೆ, ಇನ್ನೊಬ್ಬ ರಾಕ್ಷಸನಾಗುತ್ತಾನೆ, ಬಾಯಿಪಾಠವಿಲ್ಲದೆ ವಾದಕ್ಕೆ ವಾದ ಹೂಡುತ್ತಾರೆ. ಭಾಗವತರ ಹಾಡಿನ ಬದಲು ಇಲ್ಲಿ ದಾಳ, ಅಷ್ಟೇ ವ್ಯತ್ಯಾಸ.

ಆಗ ನಾನು ಮೂಡಬಿದ್ರೆಯಲ್ಲಿ ಡಿಗ್ರಿ ಓದುತ್ತಿದ್ದೆ. ಆಡಲು ಸಿಕ್ಕಿದವರು ಮೂವರು ಸಹಪಾಠಿಗಳು. ಅವರಲ್ಲಿ ಇಬ್ಬರು ಮುಂಡಾಜೆಯವರು, ಒಂದೇ ಗುಡ್ಡದ ಅಕ್ಕಪಕ್ಕದ ಮನೆಯವರು. ಒಬ್ಬನದ್ದು ಮೇಲಿನ ಮನೆ, ಇನ್ನೊಬ್ಬನದ್ದು ಕೆಳಗಿನ ಮನೆ. ಮೇಲಿನ ಮನೆಯವನ ತಾಯಿ ಮತ್ತು ಕೆಳಗಿನ ಮನೆಯವನ ತಂದೆ ಒಡಹುಟ್ಟಿದ ತಂಗಿ ಅಣ್ಣ. ಹಾಗಾಗಿ ಈ ಇಬ್ಬರು ಒಬ್ಬರಿಗೊಬ್ಬರು ಭಾವ. ಹಾಸ್ಟೆಲಿನಲ್ಲಿ ಒಂದೇ ರೂಮು, ಒಂದೇ ಸಾಬೂನು, ಬಾಯಿ ತೆರೆದರೆ ಭಾವ, ಭಾವ. ಮೂರನೆಯವನು ಮೂಡಬಿದ್ರೆಯವನೇ. ಸಪೂರ ಆಸಾಮಿ, ಕಿವಿ ಮಾತ್ರ ಬಲು ಚುರುಕು. ಯಾರ ಮನೆಯಲ್ಲಿ ಯಾವ ಸಾರು ಎಂಬುದು ಅವನಿಗೆ ಒಗ್ಗರಣೆ ಬೀಳುವ ಮೊದಲೇ ಗೊತ್ತಿರುತ್ತಿತ್ತು. ಅವನಿಗೆ ಗೂಢಚಾರನ ಪಾತ್ರ ಕೊಡದೆ ಇನ್ನೇನು ಕೊಡುವುದು?

ಭಾವಂದಿರು ಒಂದೊಂದು ಗ್ರಹದ ಸೇನಾಪತಿಗಳಾದರು. ಆರು ತಿಂಗಳು ಮೂಡಬಿದ್ರೆಯವನ ಮನೆಯ ಜಗಲಿಯಲ್ಲಿ ಆಡಿದ್ದೇ ಆಡಿದ್ದು. ಯುದ್ಧ ಇನ್ನೇನು ಶುರುವಾಗಬೇಕು ಎನ್ನುವ ಹೊತ್ತಿನಲ್ಲಿ ಮುಂಡಾಜೆಯಲ್ಲಿ ಜಗಳವಾಯಿತು. ಮೇಲಿನ ಮನೆಗೆ ಜೀಪು ಹೋಗಬೇಕಾದರೆ ಕೆಳಗಿನ ಮನೆಯ ಜಾಗದ ಅಂಚಿನಲ್ಲೇ ಹೋಗಬೇಕು. ತಂಗಿ ದಾರಿಯನ್ನು ಸ್ವಲ್ಪ ಅಗಲ ಮಾಡಿಸಿದಳು, ನನ್ನನ್ನು ಕೇಳದೆ ಮಾಡಿಸಿದ್ದೇಕೆ ಎಂದು ಅಣ್ಣ ಕೇಳಿದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಣ್ಣ ದೇವರ ಹೆಸರು ಹಿಡಿದು, ಇನ್ನು ನಿನ್ನ ಹತ್ತಿರ ಮಾತಿಲ್ಲ, ನಿನ್ನ ಮನೆಯ ಹನಿ ನೀರು ಮುಟ್ಟುವುದಿಲ್ಲ ಎಂದು ಆಣೆ ಹಾಕಿದ. ತಂಗಿಯೇನು ಕಡಿಮೆಯಾ? ಅವಳೂ ಅದೇ ಅಂಗಳದಲ್ಲಿ ನಿಂತು ಅದೇ ಆಣೆ ಹಾಕಿದಳು.

ನಮ್ಮ ಕಡೆ ಆಣೆ ಎಂದರೆ ಬಾಯಿಮಾತಲ್ಲ. ಒಮ್ಮೆ ಹಾಕಿದರೆ ಮನೆಯ ಮಕ್ಕಳುಮರಿಗೂ ತಗಲುತ್ತದೆ. ಬಿಡಿಸಬೇಕಾದರೆ ಹಾಕಿದವರಿಬ್ಬರೂ ಒಟ್ಟಿಗೆ ದೇವರೆದುರು ನಿಂತು ತಪ್ಪು ಕಾಣಿಕೆ ಹಾಕಬೇಕು. ಒಟ್ಟಿಗೆ ಹೋಗುವ ಎನ್ನಬೇಕಾದರೆ ಮಾತಾಡಬೇಕು, ಮಾತಾಡಬಾರದೆಂದೇ ಆಣೆ! ಸೋಮವಾರ ಹಾಸ್ಟೆಲಿಗೆ ಬಂದ ಭಾವಂದಿರು ಮಂಚಗಳನ್ನು ಆಚೆ ಗೋಡೆಗೊಂದು ಈಚೆ ಗೋಡೆಗೊಂದು ಎಳೆದುಕೊಂಡು ಮುಖ ತಿರುಗಿಸಿ ಮಲಗಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಆ ಕೂಸು ನನ್ನ ಆಟ.

ನಾನು ಇಬ್ಬರಿಗೂ ಬೈದೆ. ನಿಮ್ಮ ಜೀಪು ದಾರಿಗೂ ನನ್ನ ನಕ್ಷತ್ರಕ್ಕೂ ಏನು ಸಂಬಂಧ ಎಂದು ಹಾರಾಡಿದೆ. ಇಬ್ಬರೂ ಬೇರೆ ಬೇರೆಯಾಗಿ ಬಂದು ಒಂದೇ ಉತ್ತರ ಕೊಟ್ಟರು: ಮನಸ್ಸುಂಟು, ಬಾಯಿ ತೆರೆಯುವ ಹಾಗಿಲ್ಲ. ಆಗ ಮೂಡಬಿದ್ರೆಯವನು ಹಲ್ಲಿಗೆ ಕಡ್ಡಿ ಹಾಕಿಕೊಂಡು ಸಾವಕಾಶ ಒಂದು ಮಾತು ಹೇಳಿದ.

“ತಾಳಮದ್ದಳೆಯಲ್ಲಿ ರಾಕ್ಷಸನಾಗಿ ಅರ್ಥ ಹೇಳುವವ ದೇವರಿಗೇ ಬೈತಾನೆ ಮಾರಾಯ. ಆ ಪಾಪ ಅವನಿಗೆ ತಗಲ್ತದಾ? ಬೈದದ್ದು ಪಾತ್ರ ಅಲ್ವಾ?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ! ಆಣೆ ತಗಲಿದ್ದು ಭಾವಂದಿರಿಗೆ. ಗ್ರಹಗಳ ರಾಯಭಾರಿಗಳಿಗೆ ಯಾರು ಆಣೆ ಹಾಕಿದ್ದಾರೆ? ಯುದ್ಧವನ್ನು ಅಲ್ಲಿಯೇ ನಿಲ್ಲಿಸಿ ಇಬ್ಬರನ್ನೂ ರಾಯಭಾರಿ ಮಾಡಿದೆ. ಅವರು ಸಂಧಿಮಾತಿಗೆ ಸೇರಬೇಕಾದರೆ ಇಬ್ಬರದ್ದೂ ಅಲ್ಲದ ಒಂದು ಜಾಗ ಬೇಕಲ್ಲ. ಪುಸ್ತಕವನ್ನು ಮತ್ತೆ ತಿರುವಿದರೆ ಅದರಲ್ಲೇ ಇತ್ತು: ಯಾವ ಸಾಮ್ರಾಜ್ಯಕ್ಕೂ ಸೇರದ, ಎಲ್ಲ ನೌಕೆಗಳೂ ಬಂದು ತಂಗುವ, ಯಾರೂ ಆಯುಧ ಎತ್ತಬಾರದ ಬಂದರು. ರಾಯಭಾರಿಗಳು ಅಲ್ಲಿಯೇ ಸೇರುವುದು, ಗೂಢಚಾರರು ಅಲ್ಲಿಯೇ ಕಿವಿಯಾನಿಸಿ ಕೂರುವುದು. ನಾನು ಅದಕ್ಕೆ ನಡುಬಂದರು ಎಂದು ಹೆಸರಿಟ್ಟೆ.

ಅಂಥ ಬಂದರು ಹೇಗಿರುತ್ತದೆ ಎಂದು ಪುಸ್ತಕ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಹೇಳಿತ್ತು. ನನಗೆ ಅದು ಬೇಡವಾಗಿತ್ತು, ನಾನು ಹುಟ್ಟಿ ಬೆಳೆದದ್ದೇ ಅಲ್ಲಿ! ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಎಂದು ಒಬ್ಬ ಏಜೆಂಟ್ ಕೂಗುತ್ತಾನೆ, ಸಿದ್ಧಕಟ್ಟೆ, ಮೂಡಬಿದ್ರೆ ಎಂದು ಇನ್ನೊಬ್ಬ. ಘಟ್ಟದ ಮೇಲಿನವರು, ಕಡಲ ಬದಿಯವರು, ಕೋರ್ಟಿಗೆ ಬಂದವರು, ಹೆಣ್ಣು ನೋಡಲು ಹೊರಟವರು ಎಲ್ಲರೂ ಅಲ್ಲಿ ಇಳಿದು ಬಸ್ಸು ಬದಲಿಸಬೇಕು. ಕೋರ್ಟಿನಲ್ಲಿ ಎದುರುಬದುರು ನಿಂತ ಕಕ್ಷಿದಾರರು ಮಧ್ಯಾಹ್ನ ಒಂದೇ ಹೋಟೆಲಿನಲ್ಲಿ ಬೆನ್ನಿಗೆ ಬೆನ್ನು ಹಾಕಿ ಗೋಳಿಬಜೆ ತಿನ್ನುತ್ತಾರೆ. ಯಾರು ಯಾವ ಬಸ್ಸಿನಿಂದ ಇಳಿದರು, ಕೈಯಲ್ಲಿ ಏನಿತ್ತು ಎಂಬುದು ಮಲ್ಲಿಗೆ ಮಾರುವವಳಿಗೆ ಗೊತ್ತು, ಕೊಡೆಯ ಅಡಿಯಲ್ಲಿ ಚಪ್ಪಲಿ ಹೊಲಿಯುವವನಿಗೆ ಗೊತ್ತು. ಮೂಡಬಿದ್ರೆಯಲ್ಲಿ ಕಂಡಕ್ಟರನ ಕೈಗೆ ಕೊಟ್ಟ ಪೊಟ್ಟಣ ಇಲ್ಲಿ ಏಜೆಂಟನ ಕೈಸೇರಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ಬೆಳ್ತಂಗಡಿಯಲ್ಲಿ ಯಾರಿಗೆ ಮುಟ್ಟಬೇಕೋ ಅವರಿಗೇ ಮುಟ್ಟುತ್ತದೆ. ಇದಕ್ಕಿಂತ ದೊಡ್ಡ ಗೂಢಚಾರ ವ್ಯವಸ್ಥೆ ಯಾವ ನಕ್ಷತ್ರದಲ್ಲಿದೆ?

ಹಾಗಾಗಿ ನನ್ನ ನಡುಬಂದರಿನಲ್ಲಿಯೂ ನೌಕೆಗಳ ಹೆಸರು ಕೂಗುವ ಏಜೆಂಟರಿದ್ದರು. ಮೂರು ಕಣ್ಣಿನ ಶರಬತ್ತಿನವನಿದ್ದ. ಗುರುತ್ವವಿಲ್ಲದ ಕಡೆ ಹೂವಿನ ಚೆಂಡು ತೇಲಿಹೋಗದಂತೆ ದಾರ ಕಟ್ಟಿಕೊಂಡ ಮಲ್ಲಿಗೆಯವಳಿದ್ದಳು. ಆಟವನ್ನೂ ನಮ್ಮ ಅಂಗಡಿಯ ಅಟ್ಟಕ್ಕೆ ತಂದೆ. ಬ್ಯಾರಿಯ ಕೊಡೆ ಅಂಗಡಿ ಮೇಲಿನ ಮನೆಯದ್ದೂ ಅಲ್ಲ, ಕೆಳಗಿನ ಮನೆಯದ್ದೂ ಅಲ್ಲ. ಮೂಡಬಿದ್ರೆಯಿಂದ ವೇಣೂರು ದಾರಿಯಾಗಿ ನೇರ ಊರಿಗೆ ಬಸ್ಸಿದ್ದರೂ ಭಾವಂದಿರು ಸುತ್ತು ಹಾಕಿ, ಒಂದೇ ಬಸ್ಸಿನ ಮುಂದಿನ ಬಾಗಿಲಿನಿಂದ ಒಬ್ಬ, ಹಿಂದಿನ ಬಾಗಿಲಿನಿಂದ ಒಬ್ಬ ಇಳಿದು, ಆದಿತ್ಯವಾರ ಹಗಲು ಅಟ್ಟ ಹತ್ತತೊಡಗಿದರು. ಬಾಪನಿಗೆ ನಾವು ಏನು ಮಾಡುತ್ತೇವೆಂದು ಪೂರ್ತಿ ಅರ್ಥವಾಗಿರಲಿಲ್ಲ. ಭಾಗವತರಿಲ್ಲದ ತಾಳಮದ್ದಳೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು.

ಅಬ್ಬಾ, ಆ ಆದಿತ್ಯವಾರಗಳು! ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ಹುಡುಗರು ಅಟ್ಟದ ಮೆಟ್ಟಿಲು ಹತ್ತಿದ ಕೂಡಲೇ “ಮಾನ್ಯ ರಾಯಭಾರಿಗಳೇ” ಎಂದು ಶುದ್ಧ ಕನ್ನಡದಲ್ಲಿ ಶುರುಮಾಡುತ್ತಿದ್ದರು. ಆರು ದಿನ ತುಟಿ ಹೊಲಿದುಕೊಂಡಿದ್ದವರ ಬಾಯಿಂದ ಏಳನೆಯ ದಿನ ಮಾತು ಕಟ್ಟೆಯೊಡೆದು ಬರುತ್ತಿತ್ತು. ಉಲ್ಕೆಗಳ ಸಾಲಿನ ನಡುವಿನ ನೌಕಾಮಾರ್ಗ ಯಾರದ್ದು ಎಂಬ ವಾದ ಮಧ್ಯಾಹ್ನದ ಊಟ ಮೀರಿ ಹೋಗುತ್ತಿತ್ತು. ಅದು ಯಾವ ಜೀಪು ದಾರಿಯೆಂದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಂಜೆ ಮೆಟ್ಟಿಲಿಳಿದ ಮೇಲೆ ಮತ್ತೆ ನೀನ್ಯಾರೋ ನಾನ್ಯಾರೋ.

ಒಂದು ಆದಿತ್ಯವಾರ ಮೇಲಿನ ಮನೆಯವನು ಬರುವಾಗಲೇ ಮುಖ ಸಣ್ಣದು ಮಾಡಿಕೊಂಡಿದ್ದ. ಕೂತವನು ನೌಕಾಮಾರ್ಗದ ಸುದ್ದಿಯನ್ನೇ ಎತ್ತಲಿಲ್ಲ. ನಮ್ಮ ಗ್ರಹದಲ್ಲಿ ರಾಜಕುಮಾರಿಯ ವಿವಾಹ ನಿಶ್ಚಯವಾಗಿದೆ ಎಂದ. ನಮ್ಮ ಪದ್ಧತಿಯ ಪ್ರಕಾರ ಧಾರೆ ಎರೆಯಬೇಕಾದವರು ಸೋದರಮಾವ, ಅಂದರೆ ನಿಮ್ಮ ಚಕ್ರವರ್ತಿ. ಅವರಿಲ್ಲದೆ ಧಾರೆಯಾದರೆ ರಾಜಕುಮಾರಿ ಜನ್ಮವಿಡೀ ಅದನ್ನೇ ನೆನೆಸಿ ಅಳುತ್ತಾಳೆ, ಈಗಲೇ ಅಳುತ್ತಿದ್ದಾಳೆ ಎಂದ. ಹೇಳುತ್ತಾ ಹೇಳುತ್ತಾ ಅವನ ಶುದ್ಧ ಕನ್ನಡ ತೊದಲಿತು.

ಅವನ ಅಕ್ಕನಿಗೆ ಗಂಡು ಗೊತ್ತಾಗಿದೆ ಎಂಬುದು ನಮಗೆ ತಿಳಿದದ್ದು ಹಾಗೆ. ಕೆಳಗಿನ ಮನೆಯವನು ಗುಟ್ಟು ಹೇಳುವವನಂತೆ ತಗ್ಗಿದ ದನಿಯಲ್ಲಿ, ನಮ್ಮ ಚಕ್ರವರ್ತಿ ಮಂಗಳೂರಿಗೆ ಹೋಗಿ ಒಂದು ರೇಷ್ಮೆಯ ಪಟ್ಟೆಸೀರೆ ತಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ, ಯಾರಿಗೆಂದು ಕೇಳಿದರೆ ಬೈಯುತ್ತಾರೆ ಎಂದ. ಮೇಲಿನ ಮನೆಯವನು ಕಣ್ಣೊರೆಸಿಕೊಂಡು ತನ್ನ ಕಡೆಯ ಗುಟ್ಟು ಬಿಟ್ಟ. ನಮ್ಮ ಮಹಾರಾಣಿ ದಿನಾ ಬೇಲಿಯ ಹತ್ತಿರ ನಿಂತು ನಿಮ್ಮ ನಾಯಿಗೆ ಅನ್ನ ಹಾಕುತ್ತಾರೆ, ಅಣ್ಣ ಊಟ ಮಾಡಿದ್ದಾನೋ ಎಂದು ಅದರ ಹತ್ತಿರವೇ ಕೇಳುತ್ತಾರೆ ಎಂದ.

ಇಂಥ ಬೇಹುಗಾರಿಕೆಯನ್ನು ನನ್ನ ಪುಸ್ತಕ ಕನಸಿನಲ್ಲಿಯೂ ಕಂಡಿರಲಿಲ್ಲ. ಮೇಲಿನ ಮನೆಯವನು ನನ್ನ ಕಡೆ ತಿರುಗಿ, ದಾಳ ಹಾಕು, ಚಕ್ರವರ್ತಿ ಬರುತ್ತಾರಾ ಇಲ್ಲವಾ ಎಂದ. ನಾನು ಎರಡೂ ದಾಳಗಳನ್ನು ಎತ್ತಿ ಕಿಸೆಗೆ ಹಾಕಿಕೊಂಡೆ.

“ಇದಕ್ಕೆ ದಾಳ ಹಾಕುವುದಿಲ್ಲ,” ಎಂದೆ. “ಇದನ್ನು ನಾವೇ ಮಾಡುವ.”

ಆಮೇಲೆ ಶುರುವಾಯಿತು ನೋಡಿ ನಿಜವಾದ ರಾಜತಂತ್ರ. ಚಕ್ರವರ್ತಿಯನ್ನೂ ಮಹಾರಾಣಿಯನ್ನೂ ಇದೇ ಬಂದರಿಗೆ ಕರೆತರಬೇಕು. ಆದರೆ ಯಾರು ಮೊದಲು ಬಂದರೂ ಅವರು ಸೋತ ಹಾಗೆ. ಒಟ್ಟಿಗೆ ಬನ್ನಿ ಎಂದರೆ ಇಬ್ಬರೂ ಬರುವುದಿಲ್ಲ. ತಲೆ ಕೆಟ್ಟು ಗೊಬ್ಬರವಾದ ಮೇಲೆ ನಾನು ಬಾಪನಿಗೆ ಎಲ್ಲವನ್ನೂ ಹೇಳಿದೆ. ಆಟ ಏನೆಂದು ಬಾಪನಿಗೆ ಅರ್ಥವಾದದ್ದು ಅವತ್ತು. ಹಿಂದಿನ ಕಾಲದಲ್ಲಿ ಬಂಟ್ವಾಳ ಪೇಟೆಗೆ ಹೊಳೆಯಲ್ಲಿ ದೋಣಿ ಬರುತ್ತಿತ್ತು ಎಂದು ಶುರುಮಾಡಿದರು. ಬಾಪನ ಅಜ್ಜನ ಜಗಲಿಯಲ್ಲಿ ಹಗೆಗಳೂ ಪಕ್ಕಪಕ್ಕ ಕೂರುತ್ತಿದ್ದರಂತೆ, ಏಕೆಂದರೆ ಸರಕು ಇಳಿಸುವ ಕಡೆ ಜಗಳ ಮಾಡಿದವನಿಗೆ ಮರುದಿನ ದೋಣಿ ಸಿಗುತ್ತಿರಲಿಲ್ಲವಂತೆ. ಆಮೇಲೆ ಬೀಡಿ ಹಚ್ಚಿ ಯೋಚಿಸಿ, ಕೆಳಗಿನ ಮನೆಯ ಮುದುಕನ ಕೊಡೆ ಹೇಗಿದೆ ಎಂದು ಕೇಳಿದರು.

ಕೆಳಗಿನ ಮನೆಯ ಯಜಮಾನರದ್ದು ಮರದ ಹಿಡಿಯ ಹಳೇ ಉದ್ದ ಕೊಡೆ, ಬೇರೆಯವರು ಮುಟ್ಟಿದರೆ ಉರಿದುಬೀಳುತ್ತಿದ್ದರು. ಮಗ ಎದೆ ಗಟ್ಟಿಮಾಡಿಕೊಂಡು ಅದರ ಎರಡು ಕಡ್ಡಿ ಬಗ್ಗಿಸಿದ. ಬಿ.ಸಿ.ರೋಡಿನ ಕೊಡೆ ಅಂಗಡಿಯ ಸಾಹುಕಾರರು ಬಿಟ್ಟು ಇದನ್ನು ಬೇರೆ ಯಾರೂ ಸರಿಮಾಡಲಾರರು, ಯಜಮಾನರೇ ಬಂದು ಕಡ್ಡಿ ಆರಿಸಬೇಕಂತೆ ಎಂದು ಹೇಳಿದ. ಮೇಲಿನ ಮನೆಯವನು ತನ್ನ ತಾಯಿಗೆ, ಮದುವೆಗೆ ಬೇಕಾದ ಚೀಲಗಳು ಅಲ್ಲಿ ಚೆನ್ನಾಗಿ ಸಿಗುತ್ತವೆ ಎಂದ. ಮೂಡಬಿದ್ರೆಯವನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾವ ಬಸ್ಸಿನಿಂದ ಯಾರು ಇಳಿದರು ಎಂದು ಓಡಿಬಂದು ಹೇಳುವ ಕೆಲಸ ವಹಿಸಿಕೊಂಡ. ನಿಜವಾದ ಗೂಢಚಾರನಾದ ಖುಷಿಗೆ ತಂಪು ಕನ್ನಡಕ ಬೇರೆ ಹಾಕಿಕೊಂಡಿದ್ದ, ಪುಣ್ಯಾತ್ಮ.

ತಾಯಿ ಮೊದಲು ಬಂದರು. ಬಾಪ ಅವರನ್ನು ಹಿಂದಿನ ಗೋಡೌನಿಗೆ ಕರೆದುಕೊಂಡು ಹೋಗಿ ಚೀಲಗಳನ್ನು ಒಂದೊಂದಾಗಿ ತೋರಿಸುತ್ತಾ ಕೂತರು. ಅಷ್ಟರಲ್ಲಿ ಯಜಮಾನರು ಬಂದರು. ನಾನು ಅವರ ಕೊಡೆ ತೆಗೆದುಕೊಂಡು, ಮೇಲೆ ಗಾಳಿ ಉಂಟು, ಕೂತುಕೊಳ್ಳಿ ಎಂದು ಅಟ್ಟ ಹತ್ತಿಸಿದೆ. ಆಮೇಲೆ ಬಾಪ ತಾಯಿಗೆ, ಇನ್ನೂ ಒಳ್ಳೆಯ ಚೀಲಗಳು ಮೇಲಿವೆ ಎಂದರು. ಅಂಗಡಿಗೆ ಮೊದಲು ಬಂದವರು ತಂಗಿ, ಅಟ್ಟಕ್ಕೆ ಮೊದಲು ಹತ್ತಿದವರು ಅಣ್ಣ. ಯಾರ ಮೀಸೆಯೂ ಮಣ್ಣಾಗಲಿಲ್ಲ!

ಎದುರುಬದುರು ಕಂಡದ್ದೇ ಯಜಮಾನರು ಇಳಿದುಹೋಗಲು ಎದ್ದು ನಿಂತರು. ಇಳಿಯುವ ಮೆಟ್ಟಿಲಲ್ಲಿ ಭಾವಂದಿರೂ ನಾನೂ ಗುಡ್ಡೆ ಹಾಕಿದ ಹಾಗೆ ನಿಂತಿದ್ದೆವು, ಹಿಂದಿನಿಂದ ಮೂಡಬಿದ್ರೆಯವನು ತಂಪು ಕನ್ನಡಕದ ಸಮೇತ. ದಾರಿಯಿಲ್ಲದೆ ಅವರು ಮತ್ತೆ ಕೂತರು. ತಾಯಿ ಎದುರಿನ ಬೆಂಚಿನ ತುದಿಯಲ್ಲಿ ಕೂತು, ಅಣ್ಣನ ಮುಖ ನೋಡದೆ ತನ್ನ ಮಗನಿಗೆ ಹೇಳಿದರು.

“ಅವರ ಹತ್ರ ಕೇಳು, ಧಾರೆ ಎರೆಯಲಿಕ್ಕೆ ಬೇರೆ ಯಾರನ್ನಾದರೂ ಹುಡುಕಬೇಕಾ ಅಂತ.”

ಎರಡು ಮಾರು ದೂರದಲ್ಲಿ ಕೂತ ಅಣ್ಣನಿಗೆ ಕೇಳಿಸಲಿಲ್ಲವೆಂದೇನಲ್ಲ. ಆದರೂ ಮಗ ಗಂಟಲು ಸರಿಮಾಡಿಕೊಂಡು, ಅಭ್ಯಾಸಬಲದಿಂದ, “ಮಾನ್ಯ ರಾಯಭಾರಿಗಳೇ, ನಮ್ಮ ಮಹಾರಾಣಿಯವರು ವಿಚಾರಿಸುತ್ತಿದ್ದಾರೆ” ಎಂದು ಶುರುಮಾಡಿಬಿಟ್ಟ. ಕೆಳಗಿನ ಮನೆಯವನೂ ಅಷ್ಟೇ ಗಂಭೀರವಾಗಿ ಅದನ್ನು ತನ್ನ ತಂದೆಗೆ ಮುಟ್ಟಿಸಿದ. ಕರೆಯದೆ ಬರುವವ ನಾನಲ್ಲ ಎಂದು ಅಲ್ಲಿಂದ ಉತ್ತರ ಬಂತು, ಅದು ಶುದ್ಧ ಕನ್ನಡವಾಗಿ ಈಚೆಗೆ ದಾಟಿತು. ಮಾತು ನಿಲ್ಲಿಸಿದವನನ್ನು ಕರೆಯುವುದು ಹೇಗೆ ಎಂದು ಈಚೆಯಿಂದ ಆಚೆಗೆ ಹೋಯಿತು. ಮೂಡಬಿದ್ರೆಯವನು ನಗು ತಡೆಯಲಾರದೆ ಬಾಯಿಗೆ ಟವೆಲು ತುರುಕಿಕೊಂಡಿದ್ದ. ನನಗೆ ನಗು ಬರಲಿಲ್ಲ. ಒಂದು ಮಾತು ಆಚೆಈಚೆಯಾದರೆ ಆ ಹುಡುಗಿಯ ಧಾರೆ ಮಾವನಿಲ್ಲದೆ ಆಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

ಯಜಮಾನರು ಸಿಟ್ಟಿನಿಂದ ತೊಡೆ ತಟ್ಟಿಕೊಂಡು ಮಗನಿಗೆ ಹೇಳಿದರು, “ಮತ್ತೆ ನಮ್ಮ ನಾಯಿಗೆ ಅನ್ನ ಹಾಕುವುದು ಯಾಕೆ ಅಂತ ಕೇಳು. ಅದು ಈಗ ನಮ್ಮ ಮನೆಯದ್ದು ಮೂಸಿ ಸಹ ನೋಡುವುದಿಲ್ಲ.”

ಮಗ ಬಾಯಿ ತೆರೆಯುವ ಮೊದಲೇ ತಂಗಿಗೆ ತಡೆಯಲಿಲ್ಲ.

“ನಾಯಿ ಆಣೆ ಹಾಕಿದ್ದುಂಟಾ ಅಣ್ಣಾ?”

ಹೇಳಿದ್ದೇ ಕೈಯಿಂದ ಬಾಯಿ ಮುಚ್ಚಿಕೊಂಡರು. ಕೆಳಗೆ ರಸ್ತೆಯಲ್ಲಿ ಏಜೆಂಟ್ ಚಾರ್ಮಾಡಿ, ಚಾರ್ಮಾಡಿ ಎಂದು ಕೂಗುತ್ತಿದ್ದ. ಯಜಮಾನರು ಗೋಡೆ ನೋಡಿದರು, ಸೂರು ನೋಡಿದರು. ಆಮೇಲೆ ನೇರ ತಂಗಿಯ ಮುಖ ನೋಡಿದರು.

“ಸೀರೆಯನ್ನು ಇಲಿ ಕಡಿಯುವ ಮೊದಲು ಬಂದು ಕೊಂಡುಹೋಗು,” ಎಂದರು.

ತಾಯಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ನಾವು ಹುಡುಗರೂ ಅತ್ತೆವು, ಸುಳ್ಳು ಯಾಕೆ ಹೇಳಲಿ. ಬಾಪ ಒಂದು ಚೊಂಬು ನೀರು ಮತ್ತು ತಟ್ಟೆಯಲ್ಲಿ ಬೆಲ್ಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಮನೆಗೆ ಬಂದವರಿಗೆ ಮೊದಲು ಕೊಡಬೇಕಾದದ್ದು ಅದೇ ತಾನೆ. ನೀರು ಕಂಡ ಕೂಡಲೇ ಅಣ್ಣ ತಂಗಿ ಇಬ್ಬರೂ ಹಿಂಜರಿದರು.

“ಇದು ನಿಮ್ಮ ಮನೆಯೂ ಅಲ್ಲ, ಅವರ ಮನೆಯೂ ಅಲ್ಲ,” ಎಂದರು ಬಾಪ. “ಕುಡಿಯಿರಿ. ಆಮೇಲೆ ಒಟ್ಟಿಗೆ ದೇವಸ್ಥಾನಕ್ಕೆ ಹೋಗಿ.”

ಒಂದೇ ಚೊಂಬಿನಿಂದ ಇಬ್ಬರೂ ಎತ್ತಿ ಕುಡಿದರು. ಇಳಿಯುವಾಗ ಯಜಮಾನರು ಬಾಪನ ಕೈಯಿಂದ ಕೊಡೆ ತೆಗೆದುಕೊಂಡು, ಈ ಬಿಸಿಲಿಗೆ ಕೊಡೆಯ ಕಡ್ಡಿ ತಾನಾಗಿ ಬಗ್ಗುವುದಿಲ್ಲ ಸಾಹುಕಾರ್ರೆ, ಅಷ್ಟು ನನಗೆ ಗೊತ್ತುಂಟು ಎಂದರಂತೆ. ಬಾಪ ಬಿಡಬೇಕಲ್ಲ. ಊರ ಹತ್ತಿರದ ಬೆಳ್ತಂಗಡಿಯಲ್ಲೇ ಚೀಲ ಸಿಗುತ್ತದೆಂದು ನಿಮ್ಮ ತಂಗಿಗೂ ಗೊತ್ತುಂಟು ಎಂದರಂತೆ. ನಮ್ಮ ತಂತ್ರ ಎಂದು ನಾವು ಎದೆಯುಬ್ಬಿಸಿ ನಿಂತಿದ್ದೆವು, ಅವರಿಬ್ಬರೂ ಎಲ್ಲ ಗೊತ್ತಿದ್ದೇ ಬಂದಿದ್ದರು. ಬರಲು ಒಂದು ಜಾಗ ಬೇಕಾಗಿತ್ತು, ಅಷ್ಟೇ. ಮೆಟ್ಟಿಲ ಕೆಳಗೆ ಕೆಳಗಿನ ಮನೆಯವನು “ಭಾವ, ಬಸ್ಸು ಹೊರಟಿತು, ಓಡು” ಎಂದದ್ದು ಕೇಳಿಸಿತು. ಅಣ್ಣ, ತಂಗಿ, ಭಾವಂದಿರು ನಾಲ್ವರೂ ಒಂದೇ ಬಾಗಿಲಿನಿಂದ ಹತ್ತಿದರು.

ಆ ವಾರವೇ ಅಣ್ಣ ತಂಗಿ ಒಟ್ಟಿಗೆ ಹೋಗಿ ತಪ್ಪು ಕಾಣಿಕೆ ಹಾಕಿ ಆಣೆ ಬಿಡಿಸಿಕೊಂಡು ಬಂದರು. ಮದುವೆಗೆ ಬಾಪ ಮತ್ತು ನಾನು ಹೋಗಿದ್ದೆವು. ಅಗಲವಾದ ಅದೇ ದಾರಿಯಲ್ಲಿ ನಮ್ಮ ಜೀಪು ಮೇಲಿನ ಮನೆಗೆ ಹತ್ತಿತು. ಹುಡುಗಿ ಮಾವ ತಂದ ಪಟ್ಟೆಸೀರೆ ಉಟ್ಟಿದ್ದಳು. ಯಜಮಾನರು ಗಿಂಡಿ ಹಿಡಿದು ಧಾರೆ ಎರೆದರು. ಎರೆದು ಮುಗಿದ ಮೇಲೆ ಊಟದ ಪಂಕ್ತಿಗೆ ಹೋಗದೆ ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು, ತಂಗಿಯ ಹತ್ತಿರ ಒಂದು ಚೊಂಬು ನೀರು ಕೇಳಿದರು. ನೆಂಟರೆಲ್ಲ ನೋಡುತ್ತಿದ್ದ ಹಾಗೆ ಅದನ್ನು ಎತ್ತಿ ಗಟಗಟ ಕುಡಿದರು. ಅರ್ಧ ನೀರು ಹೊಸ ಶರಟಿನ ಮೇಲೆ ಹೋಯಿತು. ಒರೆಸಿಕೊಳ್ಳಲಿಲ್ಲ, ಇನ್ನೊಂದು ಚೊಂಬು ಕೊಡು ಎಂದರು.

ನನ್ನ ಎರಡು ಗ್ರಹ ಮಾತ್ರ ಇವತ್ತಿಗೂ ನೌಕೆಗಳನ್ನು ಎದುರುಬದುರು ನಿಲ್ಲಿಸಿಕೊಂಡೇ ಇವೆ. ಆ ಭಾವಂದಿರನ್ನು ಆಮೇಲೆ ಯುದ್ಧಕ್ಕೆ ಎಬ್ಬಿಸಲು ನನ್ನಿಂದ ಆಗಲೇ ಇಲ್ಲ.